ಜಿನಪ್ಪನ ಕಾರ್ಡಿನ ಮೇಲಿನ ಮೊಹರು

"ಈಕಿ ಕೈಯಾಗಿಂದ ನನಗೇನೂ ಬ್ಯಾಡ್ರಿ," ಎಂದ ಜಿನಪ್ಪ. "ಸತ್ರ ಸಾಯ್ತೇನಿ. ಈಕಿ ನನ್ನ ಮುಟ್ಟಬಾರದು."

ಹೇಳಿದ್ದು ಡಾಕ್ಟರ್ ಕಬ್ಬೂರರಿಗೆ, ಬೆರಳು ತೋರಿಸಿದ್ದು ನನ್ನ ಕಡೆಗೆ. ಅವನ ಗದ್ದದ ಕೆಳಗೆ ನಾನು ಹಿಡಿದಿದ್ದ ತಟ್ಟೆಯಲ್ಲಿ ಆಗಲೇ ಎರಡು ಬೊಗಸೆ ರಕ್ತವಿತ್ತು. ತಟ್ಟೆ ವಾಲಿ ಸ್ವಲ್ಪ ಹೊದಿಕೆಯ ಮೇಲೆ ಚೆಲ್ಲಿತು. ವಾರ್ಡಿನ ಆಯಾ ಪಾರವ್ವ ಮುಂದೆ ಬಂದು ತಟ್ಟೆಯನ್ನು ಕಿತ್ತುಕೊಂಡಳು.

ಅದು ಎರಡು ಸಾವಿರದ ಒಂಬತ್ತರ ಡಿಸೆಂಬರ್, ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ಜಿನಪ್ಪನನ್ನು ಮೂಡಲಗಿಯಿಂದ ನೆರೆಯವರು ಜೀಪಿನಲ್ಲಿ ಹಾಕಿಕೊಂಡು ಗೋಕಾಕದ ನಮ್ಮ ಆಸ್ಪತ್ರೆಗೆ ತಂದಿದ್ದರು. ಮಂಚದ ಮೇಲೆ ಮಲಗಿಸಿ, ಹೆಸರು ಬರೆಸಿ, ಎಲ್ಲರೂ ಹೊರಟುಹೋದರು. ಒಬ್ಬನೂ ಹತ್ತಿರ ನಿಲ್ಲಲಿಲ್ಲ. "ಕುಡುದು ರಕ್ತ ಕಾರೂ ಮನಶ್ಯಾನ ಬಾಜೂಕ ಯಾರ ಕುಂಡ್ರತಾರ?" ಎಂದಳು ಪಾರವ್ವ. ಅವನಿಗೆ ಕೇಳಿಸುವಂತೆಯೇ ಅಂದಳು.

ಅವನು ಕುಡುಕ ಎಂಬ ಮಾತು ಊರಿಗೆ ಹೋದದ್ದು ನನ್ನಿಂದ. ಅದನ್ನು ಮೊದಲು ಹೇಳಬೇಕು.

ನಾನು ಎಂಡೋಸ್ಕೋಪಿ ಕೋಣೆಯಲ್ಲಿ ಕೆಲಸ ಮಾಡುವವಳು. ದಾಕ್ಷಾಯಿಣಿ ಎಂದು ಹೆಸರು. ಬಾಯಿಯಿಂದ ಹೊಟ್ಟೆಗೆ ಇಳಿಸುವ ದುರ್ಬೀನು ತೊಳೆಯುವುದು, ಡಾಕ್ಟರಿಗೆ ಸಾಮಾನು ಕೈಗೆ ಕೊಡುವುದು, ಕಾರ್ಡು ಬರೆಯುವುದು ನನ್ನ ಕೆಲಸ. ಹಗಲು ಇಲ್ಲಿ ದುಡಿದು ಸಂಜೆಯ ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ. ಕಲಿತದ್ದು ಸಾಲದು ಎಂಬ ಹೆದರಿಕೆ ಇರುವುದರಿಂದ ಬರೆದದ್ದನ್ನೆಲ್ಲ ಮೂರು ಸಲ ಓದುತ್ತೇನೆ. ಆದರೆ ಓದಿದ್ದು ಕೈಯಿಂದ ಬರೆದದ್ದನ್ನು ಮಾತ್ರ. ಮೊಹರನ್ನು ಓದುತ್ತಿರಲಿಲ್ಲ.

ಹೊಟ್ಟೆಯ ಒಳಗಿನ ರಕ್ತನಾಳ ಉಬ್ಬಿ ಒಡೆದು ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕುಡಿಯುವವರೇ ಆಗಿದ್ದರು. ಎಲ್ಲರ ಕಾರ್ಡಿಗೂ ಅದೇ ಮಾತು ಬರೆದು ಬರೆದು ಬೇಸತ್ತು ಡಾಕ್ಟರು ಒಂದು ರಬ್ಬರ್ ಮೊಹರು ಮಾಡಿಸಿದ್ದರು. ಇಂಗ್ಲಿಷಿನಲ್ಲಿ ಮೂರು ಸಾಲು: ಮದ್ಯದಿಂದ ಲಿವರ್ ಕೆಟ್ಟಿದೆ, ಅದರಿಂದ ನಾಳ ಉಬ್ಬಿವೆ, ಕುಡಿತ ಪೂರ್ತಿ ಬಿಡಬೇಕು. ನಾನು ಹೆಸರು ಬರೆದು ಮೊಹರು ಒತ್ತಬೇಕು, ಡಾಕ್ಟರು ಕೆಳಗೆ ಸಹಿ ಹಾಕಬೇಕು. ಅದು ನಮ್ಮ ರೂಢಿ.

ಏಪ್ರಿಲಿನಲ್ಲಿ ಜಿನಪ್ಪ ಮೊದಲ ಸಲ ಬಂದಾಗ ಸ್ವಲ್ಪವೇ ರಕ್ತ ಹೋಗಿತ್ತು. ದುರ್ಬೀನು ಇಳಿಸಿ ನೋಡಿದರೆ ಹೊಟ್ಟೆಯ ಮೇಲ್ಭಾಗದಲ್ಲಿ ದ್ರಾಕ್ಷಿ ಗೊನೆಯಂತೆ ಉಬ್ಬಿದ ನಾಳಗಳು ಕಂಡವು. ಡಾಕ್ಟರು ಗುಳಿಗೆ ಬರೆದು, ಸೋಮವಾರ ಸ್ಕ್ಯಾನಿಂಗಿಗೆ ಬಾ ಎಂದರು. ಸ್ಕ್ಯಾನ್ ಮಾಡುವ ಡಾಕ್ಟರು ಬೆಳಗಾವಿಯಿಂದ ಸೋಮವಾರ ಮತ್ತು ಗುರುವಾರ ಮಾತ್ರ ಬರುತ್ತಿದ್ದರು. ಕಾರ್ಡಿನಲ್ಲಿ 'ಮದ್ಯಪಾನ ಉಂಟೇ' ಎಂಬ ಒಂದು ಕಾಲಂ ಇದೆ. ನಾನು ಅವನನ್ನು ಕೇಳಲಿಲ್ಲ. ಹೊರಗೆ ಹನ್ನೊಂದು ಜನ ಕುಳಿತಿದ್ದರು. ಕಾಲಂ ಖಾಲಿ ಬಿಟ್ಟು ಮೊಹರು ಒತ್ತಿದೆ.

ಜಿನಪ್ಪನಿಗೆ ಇಂಗ್ಲಿಷ್ ಬಾರದು. ಅವನು ಆ ಕಾರ್ಡನ್ನು ನೇರವಾಗಿ ಹುಕ್ಕೇರಿಗೆ, ಹೆಂಡತಿಯ ತಮ್ಮ ಜಿನೇಂದ್ರನ ಔಷಧದ ಅಂಗಡಿಗೆ ಒಯ್ದ. ಮನೆಯವನ ಅಂಗಡಿ ಇರುವಾಗ ಬೇರೆ ಕಡೆ ಗುಳಿಗೆ ಏಕೆ ಕೊಳ್ಳಬೇಕು? ಜಿನೇಂದ್ರ ಕಾರ್ಡು ಓದಿದ. ಅದು ಜೈನರ ಮನೆತನ. ಹೊತ್ತು ಮುಳುಗಿದ ಮೇಲೆ ನೀರು ಸಹ ಬಾಯಿಗೆ ಹಾಕದವರು, ನೀರನ್ನು ಸೋಸದೆ ಕುಡಿಯದವರು. ಒಂದೇ ವಾರದಲ್ಲಿ ಜಿನೇಂದ್ರ ಮೂಡಲಗಿಗೆ ಬಂದು ಅಕ್ಕ ಸರಿತಾಳನ್ನೂ ಅವಳ ಮಗಳು ಮೇಘಾಳನ್ನೂ ತವರಿಗೆ ಕರೆದೊಯ್ದ. ಬಸದಿಯಲ್ಲಿ ಜಿನಪ್ಪನ ಮನೆಯವರಿಗೆ ತಿಂಗಳಿಗೊಮ್ಮೆ ಇದ್ದ ಅಭಿಷೇಕದ ಪಾಳಿಯನ್ನು ಹಿರಿಯರು ಬೇರೆ ಮನೆಗೆ ಕೊಟ್ಟರು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಮೇ ತಿಂಗಳಲ್ಲಿ ಅವನೇ ಕಾರ್ಡು ಹಿಡಿದು ಬಂದು ನನ್ನ ಮೇಜಿನ ಮುಂದೆ ನಿಂತು ಹೇಳಿದ್ದ. "ಇದನ್ನ ಅಳಸ್ರಿ ಅಕ್ಕಾರ" ಎಂದಿದ್ದ. ನಾನು "ಡಾಕ್ಟರ್ನ ಕೇಳ್ರಿ" ಎಂದೆ. ಡಾಕ್ಟರು "ಎಲ್ಲಾರೂ ಹಂಗ ಅಂತಾರ, ಮೊದ್ಲ ಸ್ಕ್ಯಾನ್ ಮಾಡಸು" ಎಂದರು. ಅವನು ಸ್ಕ್ಯಾನ್ ಮಾಡಿಸದೆ ಹೋದ. ನಾನು ಆ ದಿನ ಊಟ ಮಾಡಲಿಲ್ಲ. ಮರುದಿನ ಮಾಡಿದೆ.

ಈಗ ಅವನು ತಿರುಗಿ ಬಂದಿದ್ದ. ಸಾದಾ ದುರ್ಬೀನು ಇಳಿಸಿದಾಗ ಪರದೆಯ ತುಂಬ ಕೆಂಪು ಬಿಟ್ಟರೆ ಏನೂ ಕಾಣಲಿಲ್ಲ. ಅದನ್ನು ಇಳಿಸುವಾಗ ಅವನಿಗೆ ಅರೆ ಎಚ್ಚರ. ಎಚ್ಚರವಾದ ಕೂಡಲೇ ನನ್ನನ್ನು ಗುರುತಿಸಿ ಆ ಮಾತು ಆಡಿದ.

ಡಾಕ್ಟರು ಅವನಿಗೆ ತಿಳಿಸಿ ಹೇಳಿದರು. ಒಂದು ಕಂಪನಿಯವರು ಹೊಸ ಯಂತ್ರವೊಂದನ್ನು ತೋರಿಸಲು ಮೂರು ದಿನಕ್ಕೆಂದು ತಂದಿಟ್ಟಿದ್ದರು. ಅದರ ದುರ್ಬೀನಿನ ತುದಿಯಲ್ಲಿ ಕ್ಯಾಮೆರಾದ ಜೊತೆಗೆ ಸ್ಕ್ಯಾನಿಂಗ್ ಮಾಡುವ ಸಣ್ಣ ಮೂತಿಯೂ ಇತ್ತು. ಹೊಟ್ಟೆಯೊಳಗೆ ಎಷ್ಟೇ ರಕ್ತ ತುಂಬಿರಲಿ, ಅದು ಗೋಡೆಯ ಆಚೆಗಿನ ನಾಳವನ್ನು ತೋರಿಸುತ್ತಿತ್ತು. ಪರದೆಯ ಮೇಲೆ ನೋಡುತ್ತಲೇ ನಾಳಕ್ಕೆ ಸೂಜಿ ಚುಚ್ಚಿ, ಅಂಟು ಬಿಟ್ಟು, ಅದನ್ನು ಒಳಗಿನಿಂದ ಮುಚ್ಚಬಹುದಾಗಿತ್ತು. ಡಾಕ್ಟರು ಆ ಕೆಲಸವನ್ನು ಹೈದರಾಬಾದಿನಲ್ಲಿ ಕಲಿತು ಬಂದಿದ್ದರು. ಆದರೆ ಯಂತ್ರ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ವ್ಯಾನು ಹತ್ತಿ ಹೋಗುವುದಿತ್ತು.

"ಸಹಿ ಮಾಡಪಾ, ಈಗ ಮಾಡಿಬಿಡೋಣ," ಎಂದರು ಡಾಕ್ಟರು.

"ನನ್ನ ಹೇಣ್ತಿನ ಕರಸ್ರಿ. ಆಕಿ ತಮ್ಮನ್ನ ಕರಸ್ರಿ. ಅವರ ಮುಂದ ಈ ಮೊಹರಿನ ಬಾಯಾರು ಹೇಳ್ಲಿ, ನಾ ಕುಡ್ಯಾಂವ ಅಲ್ಲಂತ. ಆಮ್ಯಾಲ ಎಲ್ಲಿ ಬೇಕಾದಲ್ಲಿ ಚುಚ್ರಿ."

"ಮೊದ್ಲ ಜೀವ ಉಳೀಬೇಕಲ್ಲೋ!"

"ಯಾರ ಸಲುವಾಗಿ ಉಳಿಬೇಕ್ರಿ?" ಎಂದು ಜಿನಪ್ಪ ಗೋಡೆಯ ಕಡೆ ಹೊರಳಿದ.

ಎರಡು ಬಾಟಲಿ ರಕ್ತ ಏರಿಸಿ, ನಾಳ ಕುಗ್ಗಿಸುವ ಔಷಧಿಯ ಹನಿ ಹಚ್ಚಿ, ಹುಕ್ಕೇರಿಗೆ ಫೋನು ಮಾಡಿದೆವು. ರಕ್ತ ಕಾರುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಶನಿವಾರ ಬೆಳಿಗ್ಗೆ ಅವನ ರಕ್ತ ಪರೀಕ್ಷೆಯ ವರದಿ ಬಂತು. ಲಿವರಿನ ಅಂಕಿಗಳನ್ನು ಮೂರು ಸಲ ಓದಿದೆ. ಒಂದೂ ತಪ್ಪಿರಲಿಲ್ಲ. ಡಾಕ್ಟರ ಕೋಣೆಗೆ ಹೋದೆ.

"ಸರ್, ಲಿವರ್ ಅಂಕಿ ಎಲ್ಲಾ ಸರಿ ಅದಾವ್ರಿ."

"ಶುರುವಿಗೆ ಹಂಗ ಇರ್ತಾವ."

"ನಾ ಆವತ್ತ ಅವರನ್ನ ಕೇಳಲಿಲ್ಲ ಸರ್. ಕಾಲಂ ಖಾಲಿ ಐತಿ. ಹಂಗ ಮೊಹರ ಹೊಡದೇನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದರ ಕೆಳಗ ಸಹಿ ಯಾರದೈತಿ?"

"ನಿಮ್ಮದ್ರಿ."

"ಹಾಂ. ನೀ ಹೊರಗ ಹೋಗಿ ತಪ್ಪಾಗೇತಿ ಅಂದ್ರ, ನಾಳೆ ಗ್ರಾಹಕರ ಕೋರ್ಟಿನ್ಯಾಗ ಕೈ ಕಟ್ಟಿ ನಿಂದ್ರಾಂವ ನಾನು, ನೀ ಅಲ್ಲ. ಅವರು ಬಂದಾಗ ನೀ ಬಾಯಿ ತಗೀಬ್ಯಾಡ. ನಾ ನೋಡ್ಕೋತೇನಿ."

ನಾನು ಹೊರಗೆ ಬಂದು ಸೂಜಿಗಳನ್ನು ಎಣಿಸಿದೆ.

ಹತ್ತು ಗಂಟೆಗೆ ಸರಿತಾ ಮತ್ತು ಜಿನೇಂದ್ರ ಬಂದರು. ಜಿನೇಂದ್ರನ ಅಂಗಿ ಇಸ್ತ್ರಿ ಮಾಡಿದ್ದು, ಜೇಬಿನಲ್ಲಿ ಎರಡು ಪೆನ್ನು. ಮಂಚದ ಬಳಿ ನಿಂತು ಮೇಲೆ ತೂಗುತ್ತಿದ್ದ ಬಾಟಲಿ ನೋಡಿದ.

"ಏನ್ ದಾಜಿ, ಆ ಬಾಟ್ಲಿ ಮುಗದು ಈಗ ಈ ಬಾಟ್ಲಿಗೆ ಬಂದ್ರ್ಯಾ?"

ಅಕ್ಕನ ಗಂಡನನ್ನು ಅವರು ಮರಾಠಿಯವರ ಹಾಗೆ ದಾಜಿ ಎನ್ನುತ್ತಾರೆ. ಜಿನಪ್ಪ ಹೆಂಡತಿಯನ್ನು ನೋಡಿದ. ಸರಿತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಂಚದ ಕಾಲಬದಿಯಲ್ಲೇ ನಿಂತಿದ್ದಳು, ಹತ್ತಿರ ಬರಲಿಲ್ಲ.

"ಮೇಘಾ ಹೆಂಗದಾಳ?" ಎಂದು ಕೇಳಿದ.

"ಚೊಲೋ ಅದಾಳ. ಸಾಲ್ಯಾಗ ಹುಡುಗೂರು ಕುಡುಕನ ಮಗಳ ಅಂತಾವ. ಅದೊಂದ ಬಿಟ್ರ ಚೊಲೋ ಅದಾಳ," ಎಂದಳು ಸರಿತಾ.

ಜಿನಪ್ಪ ಕಣ್ಣು ಮುಚ್ಚಿದ. ಮುಚ್ಚಿಕೊಂಡೇ, "ಡಾಕ್ಟರ್, ಹೇಳಸ್ರಿ," ಎಂದ.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ನೋಡ್ರಿ, ರೋಗಕ್ಕ ಕಾರಣ ಏನರ ಇರ್ಲಿ, ಈಗ ಅದರ ಚರ್ಚಾ ಬ್ಯಾಡ. ಈಗ ರಕ್ತ ನಿಲ್ಲಸೂದು ಮುಖ್ಯ."

"ಕೇಳಿದೇನಕ್ಕಾ?" ಎಂದ ಜಿನೇಂದ್ರ. "ಡಾಕ್ಟರೂ ಇಲ್ಲ ಅನ್ನವಲ್ಲರು. ಇಂವ ಸಾಯೂಮುಂದ ಸುದ್ದಾ ನಾಟಕ ಮಾಡಾಕತ್ತಾನ."

ಸಹಿ ಹಾಕಲು ನಾನು ಮುಂದಿಟ್ಟಿದ್ದ ಕಾಗದವನ್ನು ಜಿನಪ್ಪ ಕೈಯಿಂದ ದೂಡಿದ. ಕಾಗದ ನೆಲಕ್ಕೆ ಬಿತ್ತು. ಎಲ್ಲರೂ ಅದನ್ನೇ ನೋಡಿದರು, ಯಾರೂ ಎತ್ತಲಿಲ್ಲ. ನಾನು ಬಗ್ಗಿ ಎತ್ತಿಕೊಂಡು ಹೊರಗೆ ಹೋದೆ.

ಪಾರವ್ವ ಮೊಗಸಾಲೆಯಲ್ಲಿ ನೆಲ ಒರೆಸುತ್ತಿದ್ದಳು. ನನ್ನ ಮುಖ ನೋಡಿ ಬಟ್ಟೆ ಹಿಂಡುತ್ತ, "ಮೊಹರ ಹೊಡ್ಯಾಕ ಕೈ ಬರ್ತೈತಿ, ಹೇಳಾಕ ಬಾಯಿ ಬರಂಗಿಲ್ಲೇನ ನಿನಗ?" ಎಂದಳು.

"ನಿನಗ ಹೆಂಗ ಗೊತ್ತು?"

"ನಿನ್ನೆ ನೀ ತಟ್ಟಿ ಚೆಲ್ಲಿದ್ಯಲ್ಲ, ಆಗ ಗೊತ್ತಾತು. ಒಂಬತ್ತ ವರ್ಷದಾಗ ಒಮ್ಮಿ ಚೆಲ್ಲಿಲ್ಲ ನೀ."

ಹನ್ನೊಂದೂವರೆಗೆ ಅವನು ಮತ್ತೆ ರಕ್ತ ಕಾರಿದ. ಈ ಸಲ ತಟ್ಟೆ ಸಾಲಲಿಲ್ಲ. ನಾಡಿ ನೂರ ಮೂವತ್ತಕ್ಕೆ ಏರಿತು, ತುಟಿ ಬೆಳ್ಳಗಾಯಿತು. ಇನ್ನೊಂದು ಬಾಟಲಿ ರಕ್ತ ಹಚ್ಚುವಾಗ ಡಾಕ್ಟರು ಮತ್ತೆ ಕಾಗದ ಹಿಡಿದರು. ಅವನು ತಲೆ ಅಲ್ಲಾಡಿಸಿದ. ಮಾತಾಡುವ ಶಕ್ತಿ ಇರಲಿಲ್ಲ, ಬೇಡ ಎನ್ನುವ ಶಕ್ತಿ ಮಾತ್ರ ಇತ್ತು. ಸರಿತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಅಷ್ಟು ಹೊತ್ತು ಏಕೆ ಸುಮ್ಮನಿದ್ದೆ ಎಂದು ನಾನು ಈಗಲೂ ಕೇಳಿಕೊಳ್ಳುತ್ತೇನೆ. ಒಳ್ಳೆಯ ಉತ್ತರ ಸಿಕ್ಕಿಲ್ಲ. ಹೆದರಿಕೆ ಎನ್ನುವುದು ನಿಜ, ಆದರೆ ಅದು ಉತ್ತರವಲ್ಲ.

"ಆ ಕಾರ್ಡಿನ ಮ್ಯಾಲ ಮೊಹರ ಹೊಡದಾಕಿ ನಾನ್ರಿ," ಎಂದು ಸರಿತಾಳಿಗೆ ಹೇಳಿದೆ. "ಕುಡಿತೀರೇನು ಅಂತ ನಾ ಅವರನ್ನ ಕೇಳಲಿಲ್ಲ. ರಕ್ತ ಕಾರಿಕೊಂಡ ಬಂದವರಿಗೆಲ್ಲಾ ಒಂದ ಮೊಹರ ಹೊಡಿತೇವಿ. ಅವರಿಗೂ ಹೊಡದೆ. ಅದು ನನ್ನ ತಪ್ಪು."

"ದಾಕ್ಷಾಯಿಣಿ!" ಎಂದರು ಡಾಕ್ಟರು.

ಸರಿತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ಜಿನೇಂದ್ರ ಮುಂದೆ ಬಂದ.

"ಆವತ್ತ ಬರದದ್ದ ಖರೆನೋ, ಇವತ್ತ ಹೇಳೂದು ಖರೆನೋ? ಎಂಟ ತಿಂಗಳ ಎಲ್ಲಿದ್ರಿ ನೀವು?"

ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ.

"ನಾನೂ ಔಷಧದ ಅಂಗಡಿ ಇಟ್ಟೇನ್ರಿ. ಪೇಷಂಟ್ ಸಾಯಾಕ ಬಂದಾಗ ದವಾಖಾನಿಯವ್ರು ಏನೇನ ಹೇಳ್ತಾರ, ಎಲ್ಲಾ ಕೇಳೇನಿ. ಇಂವ ಸಹಿ ಮಾಡ್ಲಿ ಅಂತ ಹೇಳಾಕತ್ತೀರಿ. ಹೌದಲ್ಲ? ನಿಮ್ಮ ಯಂತ್ರಕ್ಕ ಒಂದ ಹೊಟ್ಟಿ ಬೇಕಾಗೇತಿ."

ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಕಂಪನಿಯ ಮನುಷ್ಯ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ.

"ಹಂಗಾರ ನೀವ ಒಳಗ ಬರ್ರಿ," ಎಂದೆ. "ಆ ಯಂತ್ರದಾಗ ಲಿವರ್ ಕಾಣಸ್ತೈತಿ. ಕುಡದ ಲಿವರ್ ಹೆಂಗಿರ್ತೈತಿ, ಚೊಲೋ ಲಿವರ್ ಹೆಂಗಿರ್ತೈತಿ, ಡಾಕ್ಟರ್ ಹೇಳ್ತಾರ. ನನ್ನ ಮಾತ ಬ್ಯಾಡ. ನಿಮ್ಮ ಕಣ್ಣೀಲೆ ನೋಡ್ರಿ."

ಆಡಿದ ಮೇಲೆ ಯೋಚನೆ ಹತ್ತಿತು. ಲಿವರ್ ಕೆಟ್ಟೇ ಇದ್ದರೆ? ನನ್ನ ಕೈಯಲ್ಲಿ ಇದ್ದದ್ದು ರಕ್ತದ ನಾಲ್ಕು ಅಂಕಿ ಮತ್ತು ಅವನು ಮೇ ತಿಂಗಳಲ್ಲಿ ಹೇಳಿದ ಮಾತು. ಶುರುವಿಗೆ ಅಂಕಿ ಸರಿಯೇ ಇರುತ್ತವೆ ಎಂದು ಡಾಕ್ಟರು ಹೇಳಿದ್ದರು. ಸಾಯುತ್ತಿರುವ ಮನುಷ್ಯನ ಹೆಂಡತಿಯ ಮುಂದೆ ನಾನು ಎರಡನೇ ಸಲವೂ ಪರೀಕ್ಷೆ ಮಾಡದೆ ಮಾತಾಡಿದ್ದೆ.

"ಇದೇನ ಸಂತಿ ಏನ, ಸಿಕ್ಕವರನ್ನ ಒಳಗ ಬಿಡಾಕ?" ಎಂದು ಡಾಕ್ಟರು ಕೂಗಿದರು.

ಆಗ ಜಿನಪ್ಪ ಕೈ ಎತ್ತಿದ. "ಅಂವ ಒಳಗ ನಿಂತ್ರ ಸಹಿ ಮಾಡ್ತೇನಿ," ಎಂದು ಪಿಸುಗುಟ್ಟಿದ. ಪೆನ್ನು ನನ್ನ ಕೈಯಲ್ಲಿತ್ತು. ಅವನು ಅದನ್ನು ನನ್ನಿಂದ ತೆಗೆದುಕೊಳ್ಳದೆ ಜಿನೇಂದ್ರನ ಜೇಬಿನ ಕಡೆ ಬೆರಳು ತೋರಿಸಿದ. ಜಿನೇಂದ್ರ ತನ್ನ ಪೆನ್ನು ಕೊಡಬೇಕಾಯಿತು.

ಒಳಗೆ ಹೋಗುವಾಗ ಡಾಕ್ಟರು ನನ್ನ ಕಿವಿಯ ಹತ್ತಿರ, "ಸೋಮವಾರ ನಿನ್ನ ಕೂಡ ಮಾತಾಡೂದೈತಿ," ಎಂದರು.

ಹನ್ನೆರಡೂವರೆ ಆಗಿತ್ತು. ಜಿನೇಂದ್ರನಿಗೆ ಹಸಿರು ನಿಲುವಂಗಿ, ಟೊಪ್ಪಿಗೆ, ಕನ್ನಡಕ ಹಾಕಿಸಿ ಗೋಡೆಗೆ ಆನಿಸಿ ನಿಲ್ಲಿಸಿದೆ. ಅಂಟು ಕಣ್ಣಿಗೆ ಸಿಡಿದರೆ ರೆಪ್ಪೆ ಅಂಟಿಕೊಳ್ಳುತ್ತದೆ, ಆದ್ದರಿಂದ ಎಲ್ಲರಿಗೂ ಕನ್ನಡಕ. ಜಿನಪ್ಪನನ್ನು ಎಡಮಗ್ಗುಲಿಗೆ ಮಲಗಿಸಿದೆವು. ನಿದ್ದೆಯ ಚುಚ್ಚುಮದ್ದು ಕೊಡುವ ಮೊದಲು ಅವನು ನನ್ನನ್ನು ನೋಡಿ, "ಬ್ಯಾರೆ ಯಾರೂ ಇಲ್ಲೇನ್ರಿ ಇಲ್ಲೆ?" ಎಂದ.

"ಈ ಕೆಲಸ ಗೊತ್ತಿದ್ದವರು ಬ್ಯಾರೆ ಯಾರೂ ಇಲ್ರಿ."

"ಹೂಂ," ಎಂದು ಬಾಯಿ ತೆರೆದ. ದುರ್ಬೀನು ಕಚ್ಚದಂತೆ ನಾನು ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆ ಇಟ್ಟೆ.

ಡಾಕ್ಟರು ದು‌ರ್ಬೀನು ಇಳಿಸಿದರು. ಪರದೆಯ ಮೇಲೆ ಬೂದು ಬಣ್ಣದ ಚಿತ್ರ ಮೂಡಿತು. ಮೂತಿಯನ್ನು ಒಂದು ಕಡೆ ತಿರುಗಿಸಿ ಒತ್ತಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಪರದೆ ಬಿಟ್ಟು ಅವರ ಮುಖ ನೋಡುತ್ತಿದ್ದೆ. ಮುಖ ಮುಚ್ಚಿತ್ತು, ಕಣ್ಣಿನಿಂದ ಏನೂ ತಿಳಿಯಲಿಲ್ಲ.

"ಇದು ಲಿವರ್," ಎಂದರು ಕಡೆಗೆ. ಬೇಸರದ ದನಿ.

"ಹೆಂಗೈತ್ರಿ?" ಎಂದ ಜಿನೇಂದ್ರ.

"ಅಂಚು ಸಪಾಟ ಐತಿ. ಒಳಗೂ ಒಂದ ನಮೂನಿ ಐತಿ."

"ಅಂದ್ರ?"

"ಅಂದ್ರ ಸಾಫ್ ಐತಿ. ಕೆಟ್ಟಿಲ್ಲ. ಸಾಕೋ?"

ಡಾಕ್ಟರು ಮೂತಿಯನ್ನು ಹೊರಳಿಸಿದರು. ಈಗ ಅವರಿಗೆ ನಮ್ಮ ಜಗಳ ಮರೆತು ಕೆಲಸ ಹಿಡಿದಿತ್ತು. ಪರದೆಯ ಮೇಲೆ ಬೆರಳಿಟ್ಟು ತಮಗೆ ತಾವೇ ಹೇಳುವಂತೆ ಹೇಳಿದರು: "ಇಲ್ಲೆ ಹೊಟ್ಟಿ ಹಿಂದ ಪ್ಯಾಂಕ್ರಿಯಾಸಿಗೆ ಹಳೇ ಗಾಯದ ಕಲಿ ಐತಿ. ಅದರ ಬೆನ್ನಿಗೆ ಸ್ಪ್ಲೀನಿಂದ, ಗುಲ್ಮದಿಂದ, ಬರೂ ನಾಳ ಪೂರಾ ಮುಚ್ಚೇತಿ. ರಕ್ತ ಹೋಗಾಕ ದಾರಿ ಇಲ್ಲದ ಹೊಟ್ಟಿ ಗ್ವಾಡಿಯಾಗಿನ ನಾಳಕ್ಕ ನುಗ್ಗೇತಿ. ಹಿಂದ ಎಂದರ ಹೊಟ್ಟಿಗೆ ಜೋರ ಪೆಟ್ಟ ಬಿದ್ದಿತ್ತೇನ್ರಿ ಇವರಿಗೆ?"

"ಚಕ್ಕಡಿ ನೊಗ ಬಡದಿತ್ತು," ಎಂದ ಜಿನೇಂದ್ರ. ಥಟ್ಟನೆ ಬಂದ ಮಾತು. "ಒಂಬತ್ತ ವರ್ಷಾತು. ನಮ್ಮ ಹೊಲದಾಗ ಕಬ್ಬ ಹೇರೂಮುಂದ. ಹಿಂದ ಹೇರು ಹೆಚ್ಚಾಗಿ ನೊಗ ಮ್ಯಾಲ ಎದ್ದಿತ್ತು, ದಾಜಿ ಮುಂದ ನಿಂತಿದ್ರು…"

ಅಲ್ಲಿಗೆ ನಿಲ್ಲಿಸಿದ.

ಡಾಕ್ಟರು ಬಣ್ಣದ ಗುಂಡಿ ಒತ್ತಿದರು. ಕಪ್ಪು ಗುಂಡಗಿನ ನಾಳಗಳೊಳಗೆ ಕೆಂಪು ನೀಲಿ ಬಣ್ಣ ಕುದಿಯತೊಡಗಿತು. ಅದು ಹರಿಯುವ ರಕ್ತ. ಸೂಜಿ ಒಳಗೆ ಹೋಗುವುದು ಬಿಳಿ ಗೆರೆಯಾಗಿ ಕಂಡಿತು. ನಾನು ಸೂಜಿಯ ನಳಿಗೆಯಲ್ಲಿ ಡಿಸ್ಟಿಲ್ಡ್ ನೀರು ತುಂಬಿಟ್ಟಿದ್ದೆ. ಅಲ್ಲಿ ಸಲೈನ್ ಇದ್ದರೆ ಉಪ್ಪಿಗೆ ಅಂಟು ನಳಿಗೆಯಲ್ಲೇ ಗಟ್ಟಿಯಾಗುತ್ತದೆ. ಬಾಟಲಿಯ ಚೀಟಿಯನ್ನು ಮೂರು ಸಲ ಓದಿದ್ದೆ, ನಾಲ್ಕನೆಯ ಸಲವೂ ಓದಿದೆ.

"ಅಂಟು."

ಕೊಟ್ಟೆ. ಈ ಸಲ ಒಂದು ಹನಿಯೂ ಚೆಲ್ಲಲಿಲ್ಲ.

"ನೀರು. ಜಲ್ದಿ. ಸೂಜಿ ಹಿಂದ ತಗಿ."

ಎರಡು ಸಲ ಹೀಗೆ ಮಾಡಿದೆವು. ಬಣ್ಣ ಒಂದು ಅಂಚಿನಿಂದ ಆರುತ್ತ ಬಂದು, ದೊಡ್ಡ ನಾಳವೆಲ್ಲ ಬರೀ ಬೂದು ಬಣ್ಣವಾಯಿತು. ಡಾಕ್ಟರು ಮತ್ತೆ ಮತ್ತೆ ಗುಂಡಿ ಒತ್ತಿ ನೋಡಿದರು. ಏನೂ ಹರಿಯುತ್ತಿರಲಿಲ್ಲ.

"ನಿಂತೈತಿ," ಎಂದರು. "ಮುಂದ ಸ್ಪ್ಲೀನ್ ತಗಸಬೇಕಾದೀತು. ಈಗ ಬದುಕಿದ."

ಒಂದೂವರೆಗೆ ಅವನನ್ನು ವಾರ್ಡಿಗೆ ಸಾಗಿಸಿದರು. ನಾನು ದುರ್ಬೀನು ಹಿಡಿದು ತೊಳೆಯುವ ಕೋಣೆಗೆ ಓಡಿದೆ. ಕೂಡಲೇ ತೊಳೆಯದಿದ್ದರೆ ಅಂಟು ಹಿಡಿದು ಬೇರೆಯವರ ಯಂತ್ರ ಕೆಡುತ್ತದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹೊರಗೆ ಸರಿತಾಳ ದನಿ ಕೇಳಿಸಿತು.

"ಏನಾತು?"

"ರಕ್ತ ನಿಂತೈತಿ," ಎಂದ ಜಿನೇಂದ್ರ.

"ಮತ್ತ?"

"ಮತ್ತೇನ? ನಿಂತೈತಿ. ಎಚ್ಚರಾಗ್ತಾರಂತ."

"ಲಿವರ್ ನೋಡಿದೇನ ನೀ?"

"ನೋಡಿದೆ."

"ಏನ ಐತಿ?"

"ಡಾಕ್ಟರ್ ಹೇಳ್ತಾರ ಬಿಡಕ್ಕಾ."

ನನ್ನ ಕೈಯಲ್ಲಿದ್ದ ಬ್ರಷ್ ನಿಂತಿತು. ಡಾಕ್ಟರು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಒದ್ದೆ ಕೈಗವಸಿನಲ್ಲೇ ಹೊರಗೆ ಬಂದು ಜಿನೇಂದ್ರನ ಎದುರು ನಿಂತೆ. ನಾನೇನೂ ಹೇಳಲಿಲ್ಲ, ಹೇಳಿದರೆ ಅವನು ಮತ್ತೆ ನನ್ನನ್ನು ಸುಳ್ಳಿ ಎನ್ನುತ್ತಿದ್ದ. ಕೈಗವಸಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವನು ಒದೆಯುವವನಂತೆ ನನ್ನನ್ನು ನೋಡಿದ.

"ಸಾಫ್ ಐತಿ! ಲಿವರ್ ಸಾಫ್ ಐತಿ! ಕುಡದದ್ದಲ್ಲ! ಆತೇನ್ರಿ ಬಾಯಾರ, ಹೊಟ್ಟಿ ತಣ್ಣಗಾತೇನ?"

"ಕುಡದದ್ದಲ್ಲಂದ್ರ ಏನದು?" ಎಂದಳು ಸರಿತಾ.

ಅವನು ಗೋಡೆ ನೋಡಿದ. "ಯಾವಾಗೋ ಪೆಟ್ಟ ಬಿದ್ದದ್ದಂತ."

"ಯಾವ ಪೆಟ್ಟು?" ಕೇಳಿದ ಕೂಡಲೇ ಅವಳಿಗೆ ಉತ್ತರ ಹೊಳೆದಂತಿತ್ತು. "ನೊಗದ ಪೆಟ್ಟೇನ?"

ಅವನು ಮೆಟ್ಟಿಲ ಕಡೆ ಹೆಜ್ಜೆ ಇಟ್ಟ.

"ಹೇರಿದಾಂವ ನೀನ ಅಲ್ಲ? ಹದಿನೈದ ದಿವ್ಸ ಹಾಸಿಗಿ ಹಿಡದಿದ್ರು. ದವಾಖಾನಿ ಬ್ಯಾಡ, ಎಣ್ಣಿ ತಿಕ್ಕೋಣು ಅಂದಾಂವ ನೀನ ಅಲ್ಲ? ಅವರು ಒಂದ ದಿವ್ಸ ನಿನ್ನ ಹೆಸರ ತಗೀಲಿಲ್ಲೋ ಜಿನೇಂದ್ರಾ. ನೀ ಬಂದು ನನ್ನ ಟ್ರಂಕ್ ಹೊರಗ ತಂದಿಟ್ಟಿ."

"ನೀ ಕುಂತ ಅಳು ಇಲ್ಲೆ. ನಾ ಗಾಡಿ ನೋಡ್ತೇನಿ," ಎಂದು ಅವನು ಮೆಟ್ಟಿಲಿಳಿದು ಹೋದ. ತಿರುಗಿ ಬರಲಿಲ್ಲ.

ಸರಿತಾ ಅಳಲಿಲ್ಲ. ನನ್ನ ಕಡೆ ತಿರುಗಿದಳು. "ನಿಮಗ ಹೆಣ್ಣಮಕ್ಕಳ ಅದಾರೇನ್ರಿ?"

"ಇಲ್ರಿ."

"ಚೊಲೋ ಆತು," ಎಂದಳು. "ನೀರ ಯಾವಾಗ ಕುಡಸಬೇಕು ಅವರಿಗೆ?"

"ನಾಲ್ಕ ತಾಸ ಬ್ಯಾಡ್ರಿ. ಐದೂವರಿಗೆ."

ಡಿಸೆಂಬರಿನಲ್ಲಿ ಆರಕ್ಕೆ ಹೊತ್ತು ಮುಳುಗುತ್ತದೆ. ಅವಳು ಬೆರಳು ಮಡಿಚಿ ಲೆಕ್ಕ ಹಾಕಿ, ಪಾರವ್ವನ ಹತ್ತಿರ ಸ್ಟೋ ಎಲ್ಲಿದೆ ಎಂದು ಕೇಳಲು ಹೋದಳು.

ಯಂತ್ರ ಎರಡಕ್ಕೆ ವ್ಯಾನು ಹತ್ತಿತು. ಐದು ಗಂಟೆಗೆ ನನ್ನ ಕೆಲಸ ಮುಗಿದಿತ್ತು. ಮನೆಗೆ ಹೋಗಬಹುದಿತ್ತು, ವಾರ್ಡಿಗೆ ಹೋದೆ. ನಾಡಿ ತೊಂಬತ್ತಕ್ಕೆ ಇಳಿದಿತ್ತು. ಜಿನಪ್ಪ ಎಚ್ಚರವಾಗಿದ್ದ. ಸರಿತಾ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದಳು. ಕುದಿಸಿ ಆರಿಸಿ ಬಟ್ಟೆಯಲ್ಲಿ ಸೋಸಿದ ನೀರು ಹಿತ್ತಾಳೆಯ ಲೋಟದಲ್ಲಿ ಅವಳ ಕೈಯಲ್ಲಿತ್ತು.

"ಯಾರ ಹೇಳಿದ್ರು ನಿನಗ?" ಎಂದು ಅವನು ಕೇಳುತ್ತಿದ್ದ. ದುರ್ಬೀನು ಇಳಿಸಿದ್ದಕ್ಕೆ ದನಿ ಒಡೆದಿತ್ತು.

"ಜಿನೇಂದ್ರ ಒಳಗ ನೋಡಿದ್ನಲ್ರಿ."

"ನಿನ್ನ ತಮ್ಮ ಒಂದ ತಾಸ ನೋಡಿದ್ದಕ್ಕ ನಂಬಿದಿ. ನಾ ಹದಿನಾಲ್ಕ ವರ್ಷ ನಿನ್ನ ಬಾಜೂಕ ಮಲಗೇನಿ. ನನ್ನ ಬಾಯಿ ವಾಸನಿ ನಿನಗ ಗೊತ್ತಿರಲಿಲ್ಲೇನ?"

ಸರಿತಾ ತಲೆ ತಗ್ಗಿಸಿದಳು. ನಾನು ಹಿಂದಕ್ಕೆ ಸರಿಯುವಷ್ಟರಲ್ಲಿ ಅವನು ನನ್ನನ್ನು ನೋಡಿದ.

"ನಾಳೆ ಐತವಾರ. ಬಸದಿಗೆ ಮಂದಿ ಬರ್ತಾರ. ಮೂಡಲಗಿಗೆ ಹೋಗಿ ಅಲ್ಲೂ ಹೇಳ್ರಿ. ಇಲ್ಲೆ ನಾಕ ಮಂದಿ ಮುಂದ ಹೇಳಿದ್ರ ಆಗಂಗಿಲ್ಲ."

"ಹೋಗ್ತೇನ್ರಿ."

"ಡಾಕ್ಟರ್ನ ಕೇಳಿ ಹೋಗ್ತೀರೇನ?"

"ಇಲ್ರಿ. ಹಂಗ ಹೋಗ್ತೇನಿ."

ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಐದೂವರೆ ದಾಟಿತ್ತು. ಕಿಟಕಿಯ ಬಿಸಿಲು ಗೋಡೆಯ ಮೇಲಿಂದ ಸೂರಿನ ಕಡೆ ಏರುತ್ತಿತ್ತು. ಸರಿತಾ ಲೋಟ ಮುಂದೆ ಹಿಡಿದಳು.

"ಕುಡೀರಿ. ಹೊತ್ತ ಮುಣಗತೈತಿ."

ಅವನು ಬಾಯಿ ತೆರೆಯಲಿಲ್ಲ. ಅವಳು ಹಿಡಿದೇ ಇದ್ದಳು. ಈಗ ಕುಡಿಯದಿದ್ದರೆ ನಾಳೆ ಬೆಳಗಿನವರೆಗೆ ಕುಡಿಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ತುಟಿ ಒಣಗಿ ಬಿರಿದಿದ್ದವು. ನಾನು ಹೇಳಲೇ ಎಂದು ಯೋಚಿಸಿದೆ; ನನ್ನ ಮಾತಿನಿಂದ ಅವನು ಇನ್ನೂ ಹಟ ಹಿಡಿದರೆ ಎಂದು ಹೆದರಿ ಹಿಂದೆ ಸರಿದೆ.

"ಅಲ್ಲಿಡು," ಎಂದ.

ಅವಳು ಎದ್ದು ಲೋಟವನ್ನು ಸ್ಟೂಲಿನ ಮೇಲಿಟ್ಟಳು. ಕೈ ಲೋಟದ ಮೇಲೆಯೇ ಇತ್ತು.

"ಕೈ ತಗಿ."

ತೆಗೆದಳು. ಅವನು ಮೊಣಕೈ ಊರಿ ಏಳಲು ನೋಡಿದ. ಎರಡು ಸಲ ಆಗಲಿಲ್ಲ. ಮೂರನೆಯ ಸಲ ಎದ್ದು, ತಾನೇ ಲೋಟ ಎತ್ತಿ, ಗುಟುಕು ಗುಟುಕಾಗಿ ಕುಡಿದ. ಸ್ವಲ್ಪ ಎದೆಯ ಮೇಲೆ ಚೆಲ್ಲಿತು. ಒರೆಸಲು ಮುಂದಾದ ಸರಿತಾಳ ಸೆರಗನ್ನು ಅವನು ಸರಿಸಿದ. ಅರ್ಧ ಕುಡಿದು ಇಟ್ಟ.

"ಇನ್ನೊಂದೀಟ ಕುಡೀರಿ. ಇನ್ನೂ ಬಿಸಲೈತಿ."

ಅವನು ಕಿಟಕಿ ನೋಡಿದ. ಉಳಿದದ್ದನ್ನೂ ಕುಡಿದು ಮುಗಿಸಿ, ಮಲಗಿ, ಗೋಡೆಯ ಕಡೆ ಹೊರಳಿದ.

"ಹುಕ್ಕೇರಿ ಬಸ್ ಆರೂವರಿಗೈತಿ," ಎಂದ.

"ಗೊತ್ತೈತ್ರಿ," ಎಂದು ಸರಿತಾ ನಾಳೆ ಬೆಳಗಿನ ನೀರಿಗೆ ಲೋಟ ತೊಳೆದಿಡಲು ಹೋದಳು.